ಹಿಟ್ಟಲ್ಲ, ಕಾಳು ಕಳಿಸುತ್ತಿದ್ದೇನೆ

ತುಮಕೂರು
ಭಾನುವಾರ

ಚಿ. ನಯನಾಗೆ ತಾತನ ಆಶೀರ್ವಾದಗಳು.

ಇಲ್ಲಿ ನಾನೂ ನಿಮ್ಮಜ್ಜಿಯೂ ಕ್ಷೇಮ. ಅವಳಿಗೆ ಮಂಡಿನೋವು, ನನಗೆ ಮರೆವು. ಹೇಗೋ ಸರಿತೂಗಿಸಿಕೊಂಡು ನಡೆದಿದೆ. ಹೋದ ವಾರ ಫೋನಿನಲ್ಲಿ ನೀನು, "ಏನಿಲ್ಲ ತಾತ, ಸ್ವಲ್ಪ ಹೊಟ್ಟೆ ಸರಿಯಿರಲಿಲ್ಲ, ಈಗ ಹುಷಾರು" ಅಂದೆ. ಆಮೇಲೆ ನಿಮ್ಮಮ್ಮನಿಂದ ಗೊತ್ತಾಯಿತು, ಐದು ದಿನ ಆಫೀಸಿಗೆ ರಜೆ ಹಾಕಿ ಮಲಗಿದ್ದೆಯಂತೆ. ಅದೂ ನಾನು ಕಳಿಸಿದ ರಾಗಿ ಹಿಟ್ಟಿನ ಮುದ್ದೆ ತಿಂದ ಮೇಲೆ. ತಾತನಿಗೆ ಬೇಜಾರಾಗದಿರಲಿ ಅಂತ ಮುಚ್ಚಿಟ್ಟೆ. 32 ವರ್ಷ ಮೇಷ್ಟ್ರಾಗಿದ್ದವನ ಹತ್ತಿರ ಇಂಥ ಸುಳ್ಳು ಬಹಳ ದಿನ ನಿಲ್ಲುವುದಿಲ್ಲ ಪುಟ್ಟಿ. ಈ ವಿಷಯ ಫೋನಿನಲ್ಲಿ ಹೇಳಹೊರಟರೆ ಅರ್ಧಕ್ಕೇ "ಮೀಟಿಂಗ್ ಇದೆ ತಾತ" ಅನ್ನುತ್ತೀಯ. ಅದಕ್ಕೇ ಈ ಕಾಗದ.

ಮೊದಲು ಒಂದಿಷ್ಟು ಹಳೇ ಪುರಾಣ ಕೇಳು. ಊರಲ್ಲಿ ನಮ್ಮ ಮನೆ ಮುಂದೆ ಒಂದು ಹಗೇವು ಇತ್ತು. ನೀನು ನೋಡಿಲ್ಲ; ನಿಮ್ಮಮ್ಮ ಹುಟ್ಟುವ ಹೊತ್ತಿಗೇ ಅದನ್ನು ಮುಚ್ಚಿ ಮೇಲೆ ಚಪ್ಪಡಿ ಹಾಸಿಬಿಟ್ಟಿದ್ದರು. ನೆಲದೊಳಗಿನ ಕಣಜ ಅಂದುಕೋ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಹೊಟ್ಟೆ ಗುಡಾಣದ ಹಾಗೆ ಅಗಲ. ಒಕ್ಕಣೆ ಮುಗಿದ ರಾಗಿಯನ್ನು ಅದರೊಳಗೆ ಸುರಿದು, ಬಾಯಿಗೆ ಹುಲ್ಲು ತುರುಕಿ, ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಚಿಂತೆಯಿಲ್ಲ. ಅಕ್ಕಿಗೆ ಹುಳ, ಜೋಳಕ್ಕೆ ಹುಳ, ಅವರೆಗಂತೂ ಕೇಳುವುದೇ ಬೇಡ. ರಾಗಿಗೆ ಹುಳ ಹತ್ತುವುದು ಅಪರೂಪ. ಕಾಳು ಅಷ್ಟು ಸಣ್ಣದು, ಸಿಪ್ಪೆ ಅಷ್ಟು ಬಿಗಿ. ಹಗೇವು ತೆಗೆದ ದಿನ ನಮ್ಮಪ್ಪ ಯಾರನ್ನೂ ಒಳಗೆ ಇಳಿಯಗೊಡುತ್ತಿರಲಿಲ್ಲ. ಒಳಗೆ ಕೆಟ್ಟ ಗಾಳಿ ಕಟ್ಟಿಕೊಂಡಿರುತ್ತದೆ, ಅವಸರ ಮಾಡಿ ಇಳಿದವನು ಮೇಲೆ ಬರುವುದಿಲ್ಲ. ಒಂದು ದಿನ ಬಾಯಿ ತೆರೆದಿಟ್ಟು, ಮಾರನೇ ದಿನ ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರದೆ ಉರಿದರೆ ಆಮೇಲೆ ಆಳು. 1965-66ರ ಬರದಲ್ಲಿ ನಮ್ಮ ಮನೆಯವರು ಉಂಡದ್ದು ಆ ಹಗೇವಿನ ರಾಗಿಯನ್ನೇ. ಅದು ಎಷ್ಟು ವರ್ಷ ಹಿಂದಿನ ಬೆಳೆಯೋ ಅಪ್ಪನಿಗೂ ಲೆಕ್ಕವಿರಲಿಲ್ಲ. ತೆಗೆದಾಗ ಸ್ವಲ್ಪ ಮುಗ್ಗಲು ವಾಸನೆ, ಎರಡು ಬಿಸಿಲು ಕಂಡರೆ ಅದೂ ಹೋಗುತ್ತಿತ್ತು.

ಅದೇ ಕಾಲದಲ್ಲಿ ಸ್ಕೂಲಿನಲ್ಲಿ ನಮಗೆ ಅಮೆರಿಕದ ಗೋಧಿ ನುಚ್ಚಿನ ಉಪ್ಪಿಟ್ಟು ಕೊಡುತ್ತಿದ್ದರು. ಅದನ್ನು ತಿಂದು ಮನೆಗೆ ಬಂದು ಅವ್ವನ ಮುದ್ದೆಗೆ ಮೂಗು ಮುರಿಯುವುದನ್ನು ಕಲಿತೆ. ಗೋಧಿ ತಿನ್ನುವವರು ದೊಡ್ಡವರು, ರಾಗಿ ತಿನ್ನುವವರು ಹಳ್ಳಿಗಮಾರರು ಅಂತ ಯಾರೂ ಹೇಳಿಕೊಡಲಿಲ್ಲ. ನನಗೇ ಹಾಗೆ ಅನ್ನಿಸಿಬಿಟ್ಟಿತು. ಹೈಸ್ಕೂಲಿಗೆ ಹಾಸ್ಟೆಲ್ ಸೇರಿದಾಗ ಅವ್ವ ಎಂಟು ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಬಟ್ಟೆಯಲ್ಲಿ ಗಂಟು ಕಟ್ಟಿಕೊಟ್ಟಿದ್ದಳು. ಗಂಟು ಬಿಚ್ಚಿದೆ. ಪಕ್ಕದ ಹಾಸಿಗೆಯವನು ಇಣುಕಿ, "ಏನೋ ಅದು, ಬೆರಣಿ?" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಎಂಟೂ ರೊಟ್ಟಿಯನ್ನು ಬೇಲಿಯಾಚೆ ಎಸೆದು ಬಂದೆ. ಮುಂದಿನ ತಿಂಗಳು ಊರಿಗೆ ಹೋದಾಗ ಅವ್ವ, "ರೊಟ್ಟಿ ಎಷ್ಟು ದಿನ ಬಂತಪ್ಪಾ?" ಅಂದಳು. "ನಾಲ್ಕು ದಿನ ಬಂತು" ಅಂದೆ. ಆವತ್ತಿನಿಂದ ಎಂಟರ ಜಾಗಕ್ಕೆ ಹನ್ನೆರಡು ಕಟ್ಟತೊಡಗಿದಳು.

ಇದಕ್ಕಿಂತ ನಗೆಪಾಟಲಿನ ಸಂಗತಿ ಇನ್ನೊಂದಿದೆ. ನಾನು ಕನ್ನಡ ಮೇಷ್ಟ್ರು. ಕನಕದಾಸರ ರಾಮಧಾನ್ಯ ಚರಿತೆಯನ್ನು ಅದೆಷ್ಟು ಸಲ ಪಾಠ ಮಾಡಿದ್ದೇನೋ. ಭತ್ತಕ್ಕೂ ರಾಗಿಗೂ ಜಗಳ. ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡು ಅನ್ನುತ್ತಾನೆ ರಾಮ. ಬಿಡಿಸಿದಾಗ ಭತ್ತ ಸೊರಗಿಹೋಗಿತ್ತು, ರಾಗಿ ಗಟ್ಟಿಯಾಗಿತ್ತು. ರಾಘವನ ಹೆಸರೇ ಅದಕ್ಕೆ ಬಂತು. ಕ್ಲಾಸಿನಲ್ಲಿ ಇದನ್ನು ಕೈ ಬೀಸಿ ಬೀಸಿ ಹೇಳುತ್ತಿದ್ದೆ. ಸಾಯಂಕಾಲ ಮನೆಗೆ ಬಂದು ನಿಮ್ಮಜ್ಜಿಗೆ, "ಸಹೋದ್ಯೋಗಿಗಳು ಊಟಕ್ಕೆ ಬರ್ತಾರೆ, ಮುದ್ದೆ ಗಿದ್ದೆ ಮಾಡಬೇಡ, ಚಪಾತಿ ಮಾಡು" ಅನ್ನುತ್ತಿದ್ದೆ. ಅವಳು ಏನೂ ಅನ್ನುತ್ತಿರಲಿಲ್ಲ. ಹಿತ್ತಲ ಬಾಗಿಲಲ್ಲಿ ಕೂತು ತಾನೊಬ್ಬಳೇ ಮುದ್ದೆ ಉಣ್ಣುತ್ತಿದ್ದಳು.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ನಿನಗೆ ಆರೇಳು ವರ್ಷವಿದ್ದಾಗ ನೆನಪಿದೆಯಾ, ಬೇಸಿಗೆ ರಜೆಗೆ ಬರುತ್ತಿದ್ದೆ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಉಬ್ಬಿಕೊಂಡಿರುತ್ತಿತ್ತು. ಕೆನ್ನೆಯಲ್ಲಿ ರಕ್ತವೇ ಇಲ್ಲ. ನಿಮ್ಮಜ್ಜಿ ಎರಡು ತಿಂಗಳು ರಾಗಿ ಗಂಜಿ, ಮಜ್ಜಿಗೆ ಹಾಕಿದ ಅಂಬಲಿ, ಬೆಣ್ಣೆ ಇಟ್ಟ ಪುಟ್ಟ ಮುದ್ದೆ ಇಷ್ಟರಲ್ಲೇ ನಿನ್ನನ್ನು ಸಾಕುತ್ತಿದ್ದಳು. ಹೋಗುವ ಹೊತ್ತಿಗೆ ಮುಖ ಸ್ವಲ್ಪ ಮೇಲೇರಿರುತ್ತಿತ್ತು. ಒಂದು ವರ್ಷ ನಾನು ಅಡ್ಡಬಾಯಿ ಹಾಕಿದೆ. "ಮಗುವಿನ ಹೊಟ್ಟೆಗೆ ಆ ಕಲ್ಲುಗುಂಡು ಯಾಕೆ ಹಾಕ್ತೀಯ? ಗೋಧಿ ಹಗುರ" ಅಂತ ಹೇಳಿ ಬೇಕರಿಯಿಂದ ರಸ್ಕು ತಂದೆ, ಬೆಳಿಗ್ಗೆ ಗೋಧಿ ರವೆಯ ಉಪ್ಪಿಟ್ಟು ಮಾಡಿಸಿದೆ. ಆ ಬೇಸಿಗೆ ನೀನು ಮೂರು ಸಲ ಮಲಗಿದೆ. ಆಮೇಲೆ ಎಷ್ಟು ಡಾಕ್ಟರು, ಎಷ್ಟು ಜಂತುಹುಳದ ಔಷಧಿ, ಕಬ್ಬಿಣಾಂಶದ ಎಷ್ಟು ಶೀಷೆ. ನಮ್ಮ ಕಡೆ ಈ ಕಾಯಿಲೆ ಕಮ್ಮಿಯಾದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ನಿನ್ನ 23ನೇ ವಯಸ್ಸಿಗೆ ರಕ್ತಪರೀಕ್ಷೆ, ಎಂಡೋಸ್ಕೋಪಿ ಎಲ್ಲಾ ಆಗಿ ಸೀಲಿಯಾಕ್ ಅಂತ ಹೆಸರು ಸಿಕ್ಕಿತು. ಹೆಸರು ಸಿಕ್ಕಿದ ದಿನ ನನಗೆ ಮೊದಲು ನೆನಪಾದದ್ದು ಆ ರಸ್ಕಿನ ಪೊಟ್ಟಣ.

ಡಾಕ್ಟರು ಹೇಳಿದ್ದನ್ನು ನಿಮ್ಮಮ್ಮ ನನಗೆ ಬಿಡಿಸಿ ಹೇಳಿದಳು. ಸಣ್ಣ ಕರುಳಿನ ಒಳಗೋಡೆಯಲ್ಲಿ ಮಖಮಲ್ಲಿನ ಹಾಗೆ ಸಣ್ಣ ಸಣ್ಣ ಎಳೆಗಳಿರುತ್ತವಂತೆ, ಊಟದ ಸಾರ ಹೀರಿಕೊಳ್ಳುವುದು ಅವೇ. ಗೋಧಿ, ಬಾರ್ಲಿ, ರೈ ಈ ಮೂರರಲ್ಲಿರುವ ಗ್ಲುಟೆನ್ ಒಳಗೆ ಹೋದರೆ ನಿನ್ನ ಮೈಯ ಕಾವಲಿನವರೇ ತಿರುಗಿಬಿದ್ದು ಆ ಎಳೆಗಳನ್ನು ಮಟ್ಟಸ ಮಾಡಿಬಿಡುತ್ತಾರೆ. ನನಗೆ ಕಂಡದ್ದು ದನ ನುಗ್ಗಿದ ರಾಗಿ ಹೊಲ. ದನವನ್ನು ಆಚೆ ಅಟ್ಟಿದರೆ ಪೈರು ಮತ್ತೆ ಏಳುತ್ತದೆ. ದಿನಾ ಒಂದು ಕರು ನುಗ್ಗುತ್ತಿದ್ದರೂ ಸಾಕು, ಏಳುವುದಿಲ್ಲ.

ಆದರೂ ಗ್ಲುಟೆನ್ ಅಂದರೇನು ಅಂತ ಕಣ್ಣಿಂದ ನೋಡದೆ ನನಗೆ ಸಮಾಧಾನವಿಲ್ಲ. ಒಂದು ಮಧ್ಯಾಹ್ನ ನಿಮ್ಮಜ್ಜಿ ಮಲಗಿದ್ದಾಗ ಅಡುಗೆಮನೆಗೆ ಹೋಗಿ ಒಂದು ಹಿಡಿ ಗೋಧಿ ಹಿಟ್ಟು ಕಲಸಿ, ಅರ್ಧ ಗಂಟೆ ಬಿಟ್ಟು, ನಲ್ಲಿಯ ಸಣ್ಣ ಧಾರೆ ಕೆಳಗೆ ಹಿಚುಕುತ್ತಾ ತೊಳೆದೆ. ಮೊದಲು ಹಾಲಿನಂಥ ನೀರು ಹೋಯಿತು. ತೊಳೆದೂ ತೊಳೆದೂ ಕೊನೆಗೆ ನೀರು ತಿಳಿಯಾದಾಗ ಅಂಗೈಯಲ್ಲಿ ಉಳಿದದ್ದು ನಿಂಬೆಕಾಯಿಗಿಂತ ಚಿಕ್ಕದೊಂದು ಅಂಟು ಮುದ್ದೆ. ಎಳೆದರೆ ರಬ್ಬರಿನ ಹಾಗೆ ಬರುತ್ತದೆ, ಬಿಟ್ಟರೆ ಸರಕ್ಕನೆ ಒಳಗೆ ಹೋಗುತ್ತದೆ. ಚಪಾತಿಯನ್ನು ತೆಳ್ಳಗೆ ಲಟ್ಟಿಸಲು ಬಿಡುವುದು, ಬ್ರೆಡ್ಡನ್ನು ಉಬ್ಬಿಸಿ ನಿಲ್ಲಿಸುವುದು ಈ ಅಂಟೇ. ಆಮೇಲೆ ರಾಗಿ ಹಿಟ್ಟನ್ನೂ ಹಾಗೇ ಕಲಸಿ ತೊಳೆದೆ. ಕಂದು ನೀರಾಗಿ ಅಷ್ಟೂ ಹರಿದುಹೋಯಿತು. ಕೈಯಲ್ಲಿ ಸ್ವಲ್ಪ ತೌಡು ಬಿಟ್ಟರೆ ಏನೂ ಇಲ್ಲ. ನಿಮ್ಮಜ್ಜಿ ಎದ್ದು ಬಂದು ಸಿಂಕ್ ನೋಡಿ ಬೈದಳು. ಅದಿರಲಿ. ರಾಗಿ ರೊಟ್ಟಿಯನ್ನು ಲಟ್ಟಿಸದೆ ತಟ್ಟುವುದು ಯಾಕೆ, ಬಿಸಿನೀರಲ್ಲೇ ಕಲಸುವುದು ಯಾಕೆ ಅಂತ 70 ದಾಟಿದ ಮೇಲೆ ನನಗೆ ಅರ್ಥವಾಯಿತು. ಅದಕ್ಕೆ ಹಿಡಿಸುವ ಅಂಟಿಲ್ಲ. ಹಿಟ್ಟು ಬಿಸಿಗೆ ಬೆಂದು ತಾನೇ ಹಿಡಿದುಕೊಳ್ಳಬೇಕು.

ಇನ್ನು ರಾಗಿಯಲ್ಲಿ ಏನಿದೆ ಅಂತ ಕೇಳಿದ್ದೆಯಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2017ರಲ್ಲಿ ಹೊರತಂದ ಪಟ್ಟಿ ನೋಡಿದೆ. 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಸುಣ್ಣದಂಶ. ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಸುಮಾರು 120, ಪಾಲಿಶ್ ಅಕ್ಕಿಯಲ್ಲಿ 10 ಕೂಡ ಇಲ್ಲ. ನಾರು 11 ಗ್ರಾಂ, ಅಕ್ಕಿಯಲ್ಲಿ 3 ಗ್ರಾಂನ ಒಳಗೆ. ಅಕ್ಕಿಯಂತೆ ರಾಗಿಯನ್ನು ಸುಲಭವಾಗಿ ಪಾಲಿಶ್ ಮಾಡಲಾಗುವುದಿಲ್ಲ, ಸಿಪ್ಪೆ ಕಾಳಿಗೆ ಅಂಟಿಕೊಂಡೇ ಇರುತ್ತದೆ. ಹಾಗಾಗಿ ಇಡೀ ಕಾಳೇ ಹಿಟ್ಟಾಗುತ್ತದೆ, ನಮ್ಮ ಪುಣ್ಯ. ಇಷ್ಟು ವರ್ಷ ಸಾರ ಹೀರದ ನಿನ್ನ ಮೂಳೆಗಳಿಗೆ ಇದು ಬೇಕು.

ಹಾಗಂತ ರಾಗಿ ಸಂಜೀವಿನಿ ಅಂತ ನಂಬಿಬಿಡಬೇಡ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಘೋಷಿಸಿದ ಮೇಲೆ, ರಾಗಿ ತಿಂದರೆ ಆ ರೋಗ ವಾಸಿ, ಈ ರೋಗ ಮಾಯ ಅಂತ ಹೇಳುವವರ ಹಾವಳಿ ಜಾಸ್ತಿಯಾಗಿದೆ. ನನ್ನ ವಾಟ್ಸಾಪಿಗೆ ದಿನಾ ಒಂದು ಬರುತ್ತದೆ. ಇದ್ದದ್ದನ್ನು ಹೇಳಬೇಕೆಂದರೆ ರಾಗಿಯಲ್ಲಿ ಪ್ರೋಟೀನು ಗೋಧಿಗಿಂತ ಕಮ್ಮಿ, 7 ಗ್ರಾಂ ಚಿಲ್ಲರೆ. ಸುಣ್ಣ, ಕಬ್ಬಿಣ ಇದ್ದರೂ ಅಷ್ಟೂ ಮೈಗೆ ಹತ್ತುವುದಿಲ್ಲ. ಸಿಪ್ಪೆಯಲ್ಲಿರುವ ಫೈಟಿಕ್ ಆಮ್ಲ, ಒಗರು ಪದಾರ್ಥಗಳು ಹಿಡಿದಿಟ್ಟುಕೊಳ್ಳುತ್ತವೆ. ನಮ್ಮ ಹೆಂಗಸರು ಇದಕ್ಕೆ ದಾರಿ ಹುಡುಕಿದ್ದರು. ಕೂಸಿಗೆ ಸರಿ ಮಾಡುವಾಗ ರಾಗಿಯನ್ನು ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಬೀಸಿ, ತೆಳು ಬಟ್ಟೆಯಲ್ಲಿ ಜಾಳಿಸುತ್ತಿದ್ದರು. ಮೊಳಕೆ ಬಂದರೆ ಆ ಹಿಡಿತ ಸಡಿಲವಾಗುತ್ತದೆ. ಮುದ್ದೆಗೆ ಹುರುಳಿ ಸಾರು, ಅವರೆಕಾಳು ಸಾರು, ಬಸ್ಸಾರು ಜೊತೆಯಾದದ್ದೂ ಬರೀ ರುಚಿಗಲ್ಲ. ರಾಗಿಯಲ್ಲಿ ಸಾಲದ ಪ್ರೋಟೀನನ್ನು ಕಾಳು ತುಂಬಿಕೊಡುತ್ತದೆ. ಹೊಲದಲ್ಲೂ ಹಾಗೇ ಅಲ್ಲವೇ, ರಾಗಿ ಸಾಲುಗಳ ನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಹಾಕುತ್ತಿದ್ದರು. ಸಾರಿಗೆ ನಿಂಬೆಹಣ್ಣು ಹಿಂಡಿಕೋ, ಕಬ್ಬಿಣಾಂಶ ಮೈಗೆ ಹತ್ತುತ್ತದೆ. ಉಂಡ ತಕ್ಷಣ ಟೀ ಕುಡಿಯಬೇಡ. ಇದನ್ನು ಹೇಳಿದಾಗಲೆಲ್ಲ ನೀನು ನಗುತ್ತೀಯ, ನಗು.

ನಿನಗೆ ಇಷ್ಟವಾಗುವ ಮಾತೊಂದು. ರಾಗಿ ನಮ್ಮದು ನಮ್ಮದು ಅಂತೀವಲ್ಲ, ಅದರ ತವರು ಪೂರ್ವ ಆಫ್ರಿಕ, ಇಥಿಯೋಪಿಯ, ಉಗಾಂಡದ ಎತ್ತರದ ಸೀಮೆ. ಸಾವಿರಾರು ವರ್ಷದ ಹಿಂದೆ ಅಲ್ಲಿಂದ ಇಲ್ಲಿಗೆ ಬಂದು ಮನೆಯವಳಾದಳು. ಉಗಾಂಡದಲ್ಲಿ ಇವತ್ತಿಗೂ ರಾಗಿ ಹಿಟ್ಟನ್ನು ಬಿಸಿನೀರಲ್ಲಿ ತಿರುವಿ ಕಾಲೋ ಅಂತ ಮುದ್ದೆಯನ್ನೇ ಮಾಡುತ್ತಾರೆ. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ರಾಗಿ ಲಕ್ಷ್ಮಣಯ್ಯನವರು ಈ ತವರು-ಗಂಡನ ಮನೆ ಎರಡನ್ನೂ ಕೂಡಿಸಿದರು. ನಮ್ಮ ರಾಗಿಗೆ ಆಫ್ರಿಕದ ರಾಗಿಯನ್ನು ಅಡ್ಡಹಾಯಿಸಿ ತೆಗೆದ ತಳಿಗಳೇ ಇಂಡಾಫ್; ಇಂಡಿಯಾದ ಇಂಡ್, ಆಫ್ರಿಕದ ಆಫ್. ರಾಗಿ ಹೂವು ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ, ಅರಳುವ ಮೊದಲೇ ತನ್ನಲ್ಲೇ ಪರಾಗ ಹಾಯಿಸಿಕೊಂಡುಬಿಡುತ್ತದೆ. ಅಂಥದ್ದನ್ನು ಅಡ್ಡಹಾಯಿಸುವುದಕ್ಕೆ ಎಷ್ಟು ತಾಳ್ಮೆ ಬೇಕು ಯೋಚಿಸು. ನಮ್ಮ ಹೊಲದಲ್ಲೂ ಇಂಡಾಫ್ ಬಂತು. ಅಪ್ಪ ತೆನೆ ಕಿತ್ತು ತಂದು ದೇವರ ಗೂಡಿನಲ್ಲಿಟ್ಟಿದ್ದರು.

ಇರಲಿ, ಎಲ್ಲೆಲ್ಲೋ ಹೋದೆ. ನಿನಗೆ ಹುಷಾರು ತಪ್ಪಿದ ಸುದ್ದಿ ತಿಳಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ರಾಗಿಯಲ್ಲಿ ಗ್ಲುಟೆನ್ ಇಲ್ಲ, ನಾನೇ ತೊಳೆದು ನೋಡಿದ್ದೇನೆ. ಮತ್ತೆ ಹೇಗಾಯಿತು? ಬೆಳಿಗ್ಗೆ ಎದ್ದು ಎರಡು ಕೆಜಿ ರಾಗಿ ಹಿಡಿದು ಗಿರಣಿಗೆ ಹೋದೆ. ಇಪ್ಪತ್ತು ವರ್ಷದಿಂದ ಅದೇ ಗಿರಣಿ. ಯಾವತ್ತೂ ಡಬ್ಬ ಇಟ್ಟು ಹೊರಗೆ ಪೇಪರ್ ಓದುತ್ತಾ ಕೂರುವವನು, ಅವತ್ತು ಯಂತ್ರದ ಮುಂದೆಯೇ ನಿಂತೆ. ನನಗಿಂತ ಮುಂಚೆ ಒಬ್ಬ ಹೆಂಗಸಿನ ಗೋಧಿ ಬಿತ್ತು. ಅದು ಮುಗಿದದ್ದೇ ತಡ, ಹುಡುಗ ನನ್ನ ರಾಗಿ ಸುರಿದ. ಕೆಳಗಿನ ಬಟ್ಟೆ ಚೀಲದಿಂದ ಮೊದಲ ಎರಡು ಬೊಗಸೆ ಹಿಟ್ಟು ಬಿಳಿಯಾಗಿ ಬಿತ್ತು. ಆಮೇಲೆ ತಿಳಿ ಕಂದು. ಆಮೇಲೆ ರಾಗಿ ಬಣ್ಣ. ಹಿಂದಿನವರ ಹಿಟ್ಟು ನಮ್ಮ ಡಬ್ಬಕ್ಕೆ, ನಮ್ಮದು ಮುಂದಿನವರ ಡಬ್ಬಕ್ಕೆ. ಊರಿನ ಗಿರಣಿ ಅಂದರೆ ಅಷ್ಟೇ, ಅದರಲ್ಲಿ ಅವರ ತಪ್ಪೇನೂ ಇಲ್ಲ. ತಪ್ಪು ನನ್ನದು. ಮೊಮ್ಮಗಳಿಗೆ ಅಂತ ಆರಿಸಿ, ತೊಳೆದು, ಒಣಗಿಸಿ, ಕೊನೆಗೆ ಗೋಧಿ ಬೆರೆಸಿ ಕಳಿಸಿದೆ.

ಹಾಗಾಗಿ ನಾನು ಹೇಳುವುದು ಒಂದೇ: ಹಿಟ್ಟು ಕೊಳ್ಳಬೇಡ, ಕಾಳು ಕೊಂಡುಕೋ. ಪುಣೆಯಲ್ಲಿ ಅಂಗಡಿಯವನಿಗೆ ರಾಗಿ ಅಂದರೆ ಅರ್ಥವಾಗದಿದ್ದರೆ ನಾಚಣಿ ಅನ್ನು. ತಂದದ್ದನ್ನು ಸಣ್ಣ ಜರಡಿಯಲ್ಲಿ ಹಿಡಿ. ರಾಗಿ ಸಾಸಿವೆಯಷ್ಟು ಸಣ್ಣದು, ಕೆಳಗೆ ಇಳಿದುಹೋಗುತ್ತದೆ. ಗೋದಾಮಿನಲ್ಲಿ ಬೆರೆತ ಗೋಧಿ ಕಾಳು ಮೇಲೇ ಉಳಿಯುತ್ತದೆ. ಮೂರು ನೀರಲ್ಲಿ ತೊಳೆದು, ಬಟ್ಟೆ ಮೇಲೆ ಹರವಿ ಚೆನ್ನಾಗಿ ಒಣಗಿಸಿ, ನಿನ್ನ ಮನೆಯಲ್ಲೇ ಹಿಟ್ಟು ಮಾಡಿಕೋ. ಪ್ಯಾಕೆಟ್ಟಿನ ಮೇಲೆ ರಾಗಿ ಅಂತ ದೊಡ್ಡದಾಗಿ ಬರೆದದ್ದನ್ನು ಕಂಡು ಮರುಳಾಗಬೇಡ. ರಾಗಿ ಬಿಸ್ಕತ್ತಿನಲ್ಲಿ ಎಷ್ಟೋ ಸಲ ಮೈದಾನೇ ಜಾಸ್ತಿ. ರಾಗಿ ಶ್ಯಾವಿಗೆ ಪ್ಯಾಕೆಟ್ಟಿನ ಹಿಂದೆ ಸಣ್ಣಕ್ಷರ ಓದು, ಗೋಧಿ ಇರುತ್ತದೆ. ಮಾಲ್ಟ್ ಅಂದರೆ ಬಾರ್ಲಿಯ ಮೊಳಕೆಯೂ ಆಗಬಹುದು. ಒಗ್ಗರಣೆಗೆ ಹಾಕುವ ಪುಡಿ ಇಂಗಿನಲ್ಲೂ ಗೋಧಿ ಹಿಟ್ಟು ಬೆರೆಸುವುದುಂಟು, ನಿಮ್ಮಜ್ಜಿ ಕೇಳಿ ಬೆಚ್ಚಿಬಿದ್ದಳು. ಅಲ್ಲಿ ಖಪ್ಲಿ ಅಂತ ಮಾರುತ್ತಾರಲ್ಲ, ನಮ್ಮ ಜವೆಗೋಧಿ, ಪ್ರಾಚೀನ ಧಾನ್ಯ, ಬಹಳ ಒಳ್ಳೇದು ಅಂತ ಹೇಳಿ ಕೊಡುತ್ತಾರೆ. ಎಷ್ಟೇ ಹಳೆಯದಾದರೂ ಅದು ಗೋಧಿಯೇ, ನಿನಗೆ ವಿಷ. ನವಣೆ, ಸಾಮೆ, ಜೋಳ, ಅಕ್ಕಿ ಧಾರಾಳವಾಗಿ ತಿನ್ನು, ಆದರೆ ಅವಕ್ಕೂ ಇದೇ ಕಟ್ಟು. ಅಂದಹಾಗೆ ನಿನ್ನ ತಮ್ಮ, ಅಕ್ಕನಿಗೆ ಇದ್ದರೆ ನನಗೂ ಇರಬಹುದು ಅಂತ ಗೋಧಿ ಬಿಡುತ್ತೇನೆ ಅನ್ನುತ್ತಿದ್ದಾನಂತೆ. ಮನೆಯಲ್ಲಿ ಒಬ್ಬರಿಗಿದ್ದರೆ ಇನ್ನೊಬ್ಬರು ಪರೀಕ್ಷೆ ಮಾಡಿಸಬೇಕಾದ್ದೇ. ಆದರೆ ಪರೀಕ್ಷೆಗೆ ಮೊದಲೇ ಬಿಟ್ಟರೆ ಇದ್ದದ್ದೂ ಕಾಣದೆ ಹೋಗುತ್ತದೆ, ಮೊದಲು ರಕ್ತ ಕೊಡು ಅಂತ ಹೇಳು. ನಾನು ಹೇಳಿದರೆ ಕೇಳುವುದಿಲ್ಲ.

ನಿನ್ನ ಮುದ್ದೆ ಗಂಟಾಗುತ್ತದೆ ಅಂದೆಯಲ್ಲ. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ಎರಡು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಎಸರಿಗೆ ಹಾಕು, ಗಂಜಿಯಾಗಿ ಕೊತಕೊತ ಅನ್ನಲಿ. ಆಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿ. ತಿರುವಬೇಡ! ನೀನು ಅಲ್ಲೇ ಅವಸರ ಮಾಡುವುದು. ಕೋಲಿನಿಂದ ನಡುವೆ ಒಂದು ತೂತು ಮಾಡಿ, ಉರಿ ಸಣ್ಣಗೆ ಮಾಡಿ ಐದು ನಿಮಿಷ ಬಿಡು. ನೀರು ಗುಡ್ಡೆಯ ಮೇಲೆ ಉಕ್ಕಿ ಬರಬೇಕು. ಆಮೇಲೆ ಇಳಿಸಿ, ಪಾತ್ರೆಯನ್ನು ಗಟ್ಟಿಯಾಗಿ ಹಿಡಿದು, ಕೋಲನ್ನು ಅಂಚಿಗೆ ಒತ್ತಿ ಒತ್ತಿ ತಿರುವು. ಒದ್ದೆ ಬೆರಳಿನಲ್ಲಿ ಮುಟ್ಟಿದರೆ ಅಂಟಬಾರದು; ಅಂಟಿದರೆ ಬೆಂದಿಲ್ಲ, ಮುಚ್ಚಿ ಇನ್ನೆರಡು ನಿಮಿಷ ಇಡು. ನಿಮ್ಮಜ್ಜಿ ಪಕ್ಕದಲ್ಲೇ ಕೂತು ಇದನ್ನು ಹೇಳಿ ಬರೆಸಿದಳು, ನನಗೆಲ್ಲಿ ಬರುತ್ತದೆ. ಅಪ್ಪಿತಪ್ಪಿಯೂ ಅಗಿಯಬೇಡ ಅನ್ನುತ್ತಿದ್ದಾಳೆ. ಸಾರಿನಲ್ಲಿ ಅದ್ದಿ ನುಂಗಬೇಕಂತೆ.

ಅವ್ವನ ಬೀಸುಕಲ್ಲನ್ನೇ ನಿನಗೆ ಕಳಿಸೋಣ ಅಂತ ಹೊರಗೆ ತೆಗೆಸಿದ್ದೆ. ನಿಮ್ಮಪ್ಪ, "ಮಾವ, ಅವಳಿರೋದು ನಾಲ್ಕನೇ ಮಹಡಿ" ಅಂತ ನಕ್ಕ. ಅದಕ್ಕೆ ಕರೆಂಟಿನ ಪುಟ್ಟ ಗಿರಣಿ ಒಂದನ್ನು ಕೊಂಡಿದ್ದೇನೆ. ದುಡ್ಡಿನ ಮಾತು ಎತ್ತಬೇಡ, ಪಿಂಚಣಿ ನಿಮ್ಮಜ್ಜಿಯ ಮಂಡಿ ಎಣ್ಣೆಗೆ ಸಾಕಾಗಿ ಉಳಿಯುತ್ತದೆ. ಜೊತೆಗೆ 10 ಕೆಜಿ ರಾಗಿ. ಜರಡಿ ಹಿಡಿದು ತೊಳೆದು ಮಹಡಿ ಮೇಲೆ ಮೂರು ದಿನ ಒಣಗಿಸಿದ್ದು, ಕಾಳು, ಹಿಟ್ಟಲ್ಲ. ಸಣ್ಣ ಡಬ್ಬದಲ್ಲಿ ಹುಚ್ಚೆಳ್ಳು ಚಟ್ನಿಪುಡಿ ಇದೆ, ಇಂಗು ಹಾಕಿಲ್ಲ. ಹಳೇ ಹಿಟ್ಟನ್ನು ಇವತ್ತೇ ತೆಗೆದುಬಿಡು. ನೀನು ಎಸೆದರೆ ನನಗೆ ಬೇಜಾರಿಲ್ಲ, ಸುಳ್ಳು ಹೇಳಿ ತಿನ್ನಬೇಡ.

ಶುಕ್ರವಾರ ರಾತ್ರಿ ಬಸ್ಸಿಗೆ ಪಾರ್ಸಲ್ ಹಾಕುತ್ತೇನೆ, ಶನಿವಾರ ಇಳಿಸಿಕೋ. ನಿನ್ನ ರೂಮಿನ ಹುಡುಗಿ ಒಳ್ಳೆಯವಳೇ ಇರಬಹುದು, ಆದರೆ ಆ ಗಿರಣಿಗೆ ಒಂದು ಹಿಡಿ ಗೋಧಿಯನ್ನೂ ಹಾಕಲು ಬಿಡಬೇಡ.

ಇಂತಿ ನಿನ್ನ,
ತಾತ